ಕೊಡಬಹುದಾದದ್ದು, ಕೊಡಬಾರದ್ದು

ಊರಿಗೆ ಉಪಕಾರ ಮಾಡಿದವರನ್ನು ಸನ್ಮಾನಿಸುವ ಸಭೆಗಳಲ್ಲಿ ಭಾಷಣಕಾರರು ತಪ್ಪದೆ ಆಡುವ ಮಾತೊಂದುಂಟು: “ಇವರು ಮನೆ ಮಠ ಎನ್ನದೆ, ಹೆಂಡತಿ ಮಕ್ಕಳ ಕಡೆ ತಿರುಗಿ ನೋಡದೆ, ಊರಿಗಾಗಿ ದುಡಿದರು.” ಚಪ್ಪಾಳೆ ಬೀಳುವುದು ಆ ಮಾತಿಗೇ. ಶಾಲು ಹೊದೆಸಿಕೊಂಡವರು ತಲೆ ತಗ್ಗಿಸಿ ಕೈಮುಗಿಯುತ್ತಾರೆ. ಅವರು ಯಾರ ಕಡೆ ತಿರುಗಿ ನೋಡಲಿಲ್ಲವೋ ಆ ಹೆಂಡತಿ ಎರಡನೆಯ ಸಾಲಿನಲ್ಲಿ ಕುಳಿತಿರುತ್ತಾರೆ. ಸಭೆ ಮುಗಿದ ಮೇಲೆ ಶಾಲು, ಹಾರ, ಹಣ್ಣಿನ ಬುಟ್ಟಿಗಳನ್ನು ಮನೆಗೆ ಹೊತ್ತು ತರುವ ಕೆಲಸ ಅವರದು. ಇಂಥ ಸಭೆಗಳಲ್ಲಿ ನಾನು ವೇದಿಕೆಯ ಮೇಲೂ ಕುಳಿತಿದ್ದೇನೆ, ಕೆಳಗೂ ಕುಳಿತಿದ್ದೇನೆ. ಕೆಳಗೆ ಕುಳಿತಾಗ ಆ ಹೊಗಳಿಕೆ ಒಂದು ಬಗೆಯ ದೂರಿನಂತೆ ಕೇಳಿಸುತ್ತದೆ. ತನ್ನ ಗಂಟನ್ನು ಬಿಚ್ಚಿ ಕೊಟ್ಟವನು ದಾನಿ, ಸರಿ. ಬೇರೆಯವರ ಗಂಟನ್ನು ಬಿಚ್ಚಿ ಕೊಟ್ಟವನನ್ನು ಏನೆಂದು ಕರೆಯಬೇಕು? ‘ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ’ ಎಂಬ ಗಾದೆ ದುಡ್ಡಿಗೆ ಮಾತ್ರ ಅನ್ವಯಿಸುವುದೆಂದು ಯಾರೂ ಹೇಳಿಲ್ಲವಷ್ಟೆ.

ಈ ಪ್ರಶ್ನೆ ನನಗೆ ತರ್ಕದ ವಿನೋದವಲ್ಲ. ನಾನು ಒಂದು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುವವಳು. ನಮ್ಮೂರ ಪುರಸಭೆಯ ಸದಸ್ಯೆ. ಅತ್ತೆ, ಗಂಡ, ಮಗಳು ಇರುವ ಒಂದು ಮನೆಯ ಗೃಹಿಣಿ. ಸರ್ಕಾರಿ ಶಾಲೆಯ ಶಿಕ್ಷಕಿಯಾಗಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲ. ಸರ್ಕಾರಿ ನೌಕರರು ಚುನಾವಣೆಗೆ ನಿಲ್ಲುವುದನ್ನು ಸೇವಾ ನಿಯಮಗಳು ಒಪ್ಪುವುದಿಲ್ಲ. ನನ್ನದು ಅನುದಾನವಿಲ್ಲದ ಖಾಸಗಿ ಶಾಲೆ. ನಮ್ಮ ವಾರ್ಡು ಮಹಿಳೆಗೆ ಮೀಸಲಾದಾಗ ನಾಲ್ಕು ಜನ ಹಿರಿಯರು ಮನೆಗೆ ಬಂದು, “ನೀವು ನಿಲ್ಲಬೇಕು, ಟೀಚರಮ್ಮ” ಎಂದರು. ನಿಂತೆ, ಗೆದ್ದೆ.

ಸಂವಿಧಾನದ 74ನೆಯ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂದ ಮೇಲೆ ನಗರಸಂಸ್ಥೆಗಳಲ್ಲಿ ಮೂರನೆಯ ಒಂದು ಪಾಲಿಗೆ ಕಡಿಮೆಯಿಲ್ಲದಷ್ಟು ಸ್ಥಾನಗಳು ಹೆಂಗಸರಿಗೆ ಮೀಸಲಾದುವು. ನಮ್ಮ ರಾಜ್ಯದಲ್ಲಿ ಆ ಪಾಲು ಅರ್ಧಕ್ಕೇರಿದೆ. ಅದೇ ತಿದ್ದುಪಡಿ ಸೇರಿಸಿದ 12ನೆಯ ಅನುಸೂಚಿಯಲ್ಲಿ 18 ವಿಷಯಗಳಿವೆ. ಜನನ ಮರಣಗಳ ದಾಖಲೆ, ನೀರು, ರಸ್ತೆ, ಬೀದಿದೀಪ, ದನದ ದೊಡ್ಡಿ, ಸ್ಮಶಾನ: ಹುಟ್ಟಿದ್ದನ್ನು ಬರೆದುಕೊಳ್ಳುವುದರಿಂದ ಹಿಡಿದು ಸುಡುವ ಜಾಗದವರೆಗೆ ಎಲ್ಲವೂ ಅಲ್ಲುಂಟು. ಅಲ್ಲಿಲ್ಲದಿರುವುದು, ಈ ಹದಿನೆಂಟು ವಿಷಯಗಳು ಸದಸ್ಯೆಯ ಬಾಗಿಲಿಗೆ ಯಾವ ಹೊತ್ತಿನಲ್ಲಿ ಬರುತ್ತವೆ ಎಂಬ ವಿವರ. ನಲ್ಲಿಯಲ್ಲಿ ನೀರು ಬೆಳಗಿನ ಐದೂವರೆಗೆ ಬರುತ್ತದೆ, ಇಲ್ಲವೆ ಬರುವುದಿಲ್ಲ. ಬಾರದ ದಿನ ಫೋನು ಬರುತ್ತದೆ. ಒಲೆಯ ಮೇಲೆ ಹಾಲು, ಕಿವಿಯ ಮೇಲೆ ಫೋನು, ಮನಸ್ಸಿನಲ್ಲಿ ಮೊದಲ ಗಂಟೆಯ ವ್ಯಾಕರಣ ಪಾಠ. ಖಾತೆ ಬದಲಾವಣೆಯವರು ಸಂಜೆ ಬರುತ್ತಾರೆ. ಚರಂಡಿಯವರಿಗೆ ಹೊತ್ತು ಗೊತ್ತಿಲ್ಲ.

ನನ್ನ ಸಹಸದಸ್ಯರಾದ ಗಂಡಸರಲ್ಲಿ ಹಲವರು ನಿಜವಾಗಿ ದುಡಿಯುವವರು. ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಅವರನ್ನು “ಮನೆ ಕಡೆ ಹೇಗೆ?” ಎಂದು ಯಾರೂ ಕೇಳಿದ್ದನ್ನು ನಾನು ಕಾಣೆ. ನನ್ನನ್ನು ಕೇಳದವರಿಲ್ಲ. ಮೊದಮೊದಲು ಈ ಪ್ರಶ್ನೆಗೆ ಸಿಟ್ಟು ಬರುತ್ತಿತ್ತು. ಈಗ ಅನಿಸುವುದೇನೆಂದರೆ, ಪ್ರಶ್ನೆ ಸರಿಯಾದದ್ದೇ; ಅದನ್ನು ಅವರಿಗೂ ಕೇಳಬೇಕಾಗಿತ್ತು. ಅವರಿಗೆಲ್ಲ ಮನೆಯಲ್ಲಿ ಒಬ್ಬಳು ಹೆಂಡತಿಯಿದ್ದಾಳೆ. ನನಗಿಲ್ಲ! ಆದಕಾರಣ ಅವರ ಲೆಕ್ಕದಲ್ಲಿ ಮರೆಯಾಗಿರುವ ಖರ್ಚು ನನ್ನ ಲೆಕ್ಕದಲ್ಲಿ ಎದ್ದು ಕಾಣುತ್ತದೆ.

ಸಾರ್ವಜನಿಕ ಸೇವೆಯೆಂಬುದು ಒಂದು ದಾನವೆಂದು ಇಟ್ಟುಕೊಂಡರೆ, ದಾನಕ್ಕೆ ನಮ್ಮಲ್ಲಿ ಕಾನೂನು ಉಂಟು. ಅದನ್ನು ವಿವರಿಸಿದ ಪ್ರಸಿದ್ಧರಲ್ಲೊಬ್ಬರು ನಮ್ಮ ನಾಡಿನವರೇ. ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದು ಬೀದರ ಜಿಲ್ಲೆಯ ಬಸವಕಲ್ಯಾಣವಾಗಿರುವ ಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನ ಬರೆದ. ಆಸ್ತಿಯ ಪಾಲಿನ ಜಗಳಗಳಲ್ಲಿ ವಕೀಲರ ಬಾಯಲ್ಲಿ ಕೇಳಿ ಆ ಹೆಸರು ನಮಗೆ ಪರಿಚಿತ. ಆದರೆ ಅದೇ ಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಏನನ್ನು ಕೊಡಬಹುದು, ಏನನ್ನು ಕೊಡಬಾರದು ಎಂಬ ಪ್ರಕರಣವೊಂದಿದೆ. ಅದರ ಸಾರ ಇಷ್ಟು: ಕೊಡುವುದು ತನ್ನದಾಗಿರಬೇಕು, ಕುಟುಂಬಕ್ಕೆ ಬಾಧೆಯಾಗದಷ್ಟು ಮಾತ್ರ ಕೊಡಬಹುದು, ಹೆಂಡತಿ ಮಕ್ಕಳನ್ನು ಕೊಡುವಂತಿಲ್ಲ, ಸಂತಾನವಿರುವವನು ಸರ್ವಸ್ವವನ್ನೂ ಕೊಡುವಂತಿಲ್ಲ, ಒಬ್ಬರಿಗೆ ಕೊಡುತ್ತೇನೆಂದು ಮಾತು ಕೊಟ್ಟದ್ದನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ. ಹೆಂಡತಿಯನ್ನು ಕೊಡಬಾರದೆಂದು ಬಾಯಿಬಿಟ್ಟು ಹೇಳಬೇಕಾಗಿ ಬಂದ ಕಾಲದ ಬಗ್ಗೆ ಹೆಂಗಸಾಗಿ ನಾನು ಹೇಳಬಹುದಾದದ್ದು ಬಹಳವಿದೆ. ಅದು ಬೇರೆ ಲೇಖನ. ಆದರೂ ಆ ಪಟ್ಟಿಯ ಕೊನೆಯ ವಿಧಿ ಶಿಕ್ಷಕರಿಗೆಂದೇ ಬರೆದಂತಿದೆ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕೂವರೆಯವರೆಗಿನ ನನ್ನ ಹೊತ್ತು ಮಕ್ಕಳಿಗೆ ಮಾತು ಕೊಟ್ಟು ಆದ ಹೊತ್ತು. ಅದನ್ನು ಊರಿಗೆ ಧಾರೆಯೆರೆಯಲು ನಾನು ಯಾರು?

ಮಾರ್ಚ್ ತಿಂಗಳು ಬಂದಾಗ ಇದು ಗ್ರಂಥದ ಮಾತಾಗಿ ಉಳಿಯುವುದಿಲ್ಲ. ನಮ್ಮ ವರ್ಷದ ಏರ್ಪಾಡನ್ನು ಮಾಡಿದವರು ಯಾರೋ, ಬೇಕೆಂದೇ ಮಾಡಿದಂತಿದೆ. ಕೊಳವೆ ಬಾವಿಗಳು ಬತ್ತತೊಡಗುವುದು ಆಗಲೇ, 31ರೊಳಗೆ ಅನುದಾನ ಖರ್ಚಾಗದಿದ್ದರೆ ಕೈ ತಪ್ಪೀತೆಂಬ ಧಾವಂತ, ಆಯವ್ಯಯದ ಸಭೆ, ಎಲ್ಲ ಆಗಲೇ, ಎಸ್.ಎಸ್.ಎಲ್.ಸಿ. ಪರೀಕ್ಷೆ ಬಾಗಿಲಿಗೆ ಬಂದು ನಿಲ್ಲುವುದೂ ಆಗಲೇ. ಕಳೆದ ಮಾರ್ಚಿನಲ್ಲಿ ಹೊಸ ಕೊಳವೆ ಬಾವಿ ಎಲ್ಲೆಲ್ಲಿ ಕೊರೆಯಬೇಕೆಂದು ತೀರ್ಮಾನಿಸುವ ಸಭೆ ಒಂದು ದಿನ ಹನ್ನೊಂದು ಗಂಟೆಗೆ ಗೊತ್ತಾಯಿತು. ಬಾವಿ ಎರಡು, ಕೇಳುವ ವಾರ್ಡು ಐದು. ಅದೇ ಹನ್ನೊಂದಕ್ಕೆ ನನಗೆ ಹತ್ತನೆಯ ತರಗತಿಯ ಹಿಂದುಳಿದ ಹದಿನಾಲ್ಕು ಮಕ್ಕಳ ಪುನರಾವರ್ತನೆಯ ತರಗತಿ. ಪರೀಕ್ಷೆಗೆ ಉಳಿದದ್ದು ಒಂಬತ್ತು ದಿನ, ಅದರಲ್ಲೂ ಮೊದಲ ದಿನವೇ ಕನ್ನಡ. ಚುರುಕಾದ ಮಕ್ಕಳಾಗಿದ್ದರೆ ನಾನಿಲ್ಲದೆಯೂ ಓದಿಕೊಳ್ಳುತ್ತಿದ್ದರು. ಈ ಹದಿನಾಲ್ಕು ಮಂದಿಗೆ ಮನೆಯಲ್ಲಿ ಕೇಳಲು ಯಾರೂ ಇಲ್ಲ. ಸಭೆಗೆ ಒಂದು ಪತ್ರ ಬರೆದು ಕಳಿಸಿ ತರಗತಿಗೆ ಹೋದೆ. ಪತ್ರಕ್ಕೆ ಬಾಯಿಲ್ಲ, ಎರಡು ಬಾವಿಗಳೂ ಬೇರೆ ವಾರ್ಡುಗಳಿಗೆ ಹೋದುವು. ನಮ್ಮ ಹಿಂದಿನ ಬೀದಿಯ ಹೆಂಗಸರು ಮತ್ತೆ ಮೂರು ವಾರ ಟ್ಯಾಂಕರಿನ ಹಿಂದೆ ಕೊಡ ಹಿಡಿದು ಓಡಿದರು. ಅವರಲ್ಲಿ ಹೂ ಮಾರುವ ಮುದುಕಿಯೊಬ್ಬಳು ಯಾವ ಕಹಿಯೂ ಇಲ್ಲದೆ ಹೇಳಿದಳು: “ಮಕ್ಕಳಿಗೆ ಪಾಠ ಹೇಳಿದ್ರಿ, ಒಳ್ಳೇದಾಯ್ತು ಟೀಚರಮ್ಮ. ಆದ್ರೆ ನೀರು ಹೊತ್ತದ್ದು ನಾವು.”

ಅಂದು ನಾನು ಮಾಡಿದ್ದು ತಪ್ಪೆಂದು ನನಗೆ ಇಂದಿಗೂ ಅನಿಸಿಲ್ಲ. ಮತ್ತೆ ಅಂಥ ದಿನ ಬಂದರೆ ತರಗತಿಗೇ ಹೋಗುತ್ತೇನೆ. ಆದರೆ ಆ ಮುದುಕಿಯ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಸಭೆಗೆ ಹೋಗಿದ್ದರೆ ಬೆಲೆ ತೆರುತ್ತಿದ್ದವರು ಆ ಹದಿನಾಲ್ಕು ಮಕ್ಕಳು. ಹೋಗದ್ದರಿಂದ ತೆತ್ತವರು ಹಿಂದಿನ ಬೀದಿಯ ಹೆಂಗಸರು. ಎರಡು ಲೆಕ್ಕದಲ್ಲೂ ನನ್ನ ಹೆಸರಿನ ಮುಂದೆ ಖರ್ಚೆಂದು ಬರೆಯಲು ಏನೂ ಇಲ್ಲ.

“ಇಷ್ಟೇಕೆ ತಲೆ ಕೆಡಿಸಿಕೊಳ್ಳುತ್ತೀರಿ? ಪುರಸಭೆಯೂ ಒಂದು ಪಾಠಶಾಲೆಯೇ” ಎಂದು ಸಮಾಧಾನ ಹೇಳುವವರುಂಟು. ಈ ಮಾತಿಗೆ ವಂಶಾವಳಿಯೂ ಇದೆ. ಲಾರ್ಡ್ ರಿಪನ್ನನ ಸರ್ಕಾರ 1882ರ ಮೇ 18ರಂದು ಹೊರಡಿಸಿದ ನಿರ್ಣಯವು, ಸ್ಥಳೀಯ ಸ್ವಯಮಾಡಳಿತ ಬೇಕಾಗಿರುವುದು ಆಡಳಿತದ ಸುಧಾರಣೆಗಿಂತ ಹೆಚ್ಚಾಗಿ ಜನರ ರಾಜಕೀಯ ಶಿಕ್ಷಣಕ್ಕೆ ಎಂದೇ ಹೇಳಿತು. ಒಳ್ಳೆಯ ಮಾತು. ಆದರೆ ಶಾಲೆ ಎರಡಾದ ಮಾತ್ರಕ್ಕೆ ಮೇಷ್ಟರ ಕುರ್ಚಿ ಎರಡಾಗುವುದಿಲ್ಲ. ಪುರಸಭೆಯಲ್ಲಿ ನಾನು ಆಡಿದ್ದನ್ನು ಎದುರಿನವರು ಅಲ್ಲೇ ಕೊಚ್ಚಿ ಹಾಕಬಲ್ಲರು. ತರಗತಿಯಲ್ಲಿ ಮಕ್ಕಳು ಹಾಗೆ ಮಾಡಲಾರರು; ಅಂಕ ಕೊಡುವ ಕೈ ನನ್ನದು. ನನ್ನ ವಿರುದ್ಧ ಚುನಾವಣೆಗೆ ನಿಂತಿದ್ದವರ ಮಗ ನನ್ನ ತರಗತಿಯಲ್ಲೇ ಮೂರನೆಯ ಬೆಂಚಿನಲ್ಲಿ ಕೂರುತ್ತಾನೆ. ಅವನ ಉತ್ತರಪತ್ರಿಕೆಯನ್ನು ನಾನು ಎರಡು ಸಲ ತಿದ್ದುತ್ತೇನೆ: ಒಂದು ಸಲ ಕಡಿಮೆ ಕೊಟ್ಟೆನೇ ಎಂದು, ಇನ್ನೊಂದು ಸಲ ಆ ಭಯಕ್ಕೆ ಹೆಚ್ಚು ಕೊಟ್ಟೆನೇ ಎಂದು. ಒಮ್ಮೆ ಪಾಠದ ಮಧ್ಯೆ ಅವನೇ ಎದ್ದು, “ಟೀಚರ್, ನಮ್ಮ ಬೀದಿ ದೀಪ ಯಾವಾಗ ಹಾಕಿಸ್ತೀರಿ?” ಎಂದು ಕೇಳಿದ. ತರಗತಿ ನಕ್ಕಿತು. “ಗಂಟೆ ಹೊಡೆದ ಮೇಲೆ ಹೊರಗೆ ಕೇಳು, ಹೇಳ್ತೀನಿ” ಎಂದೆ. ಗಂಟೆ ಹೊಡೆದ ಮೇಲೆ ಬಂದು ಕೇಳಿಯೂ ಕೇಳಿದ. ಹುಡುಗ ಮುಂದೆ ಬಂದಾನು.

ಹಾಗಾದರೆ ಮಾತು ಕೊಟ್ಟ ಹೊತ್ತು ಇರುವವರಾರೂ ಊರಿನ ಕೆಲಸಕ್ಕೆ ಬರಬಾರದೆನ್ನೋಣವೆ? ಇಲ್ಲಿ ವಿಜ್ಞಾನೇಶ್ವರನನ್ನು ಬಿಟ್ಟು ಮ್ಯಾಕ್ಸ್ ವೇಬರನ ಕಡೆ ನೋಡಬೇಕಾಗುತ್ತದೆ. ಜರ್ಮನಿಯ ಈ ವಿದ್ವಾಂಸ 1919ರಲ್ಲಿ ಮ್ಯೂನಿಕ್ಕಿನಲ್ಲಿ ರಾಜಕೀಯವೆಂಬ ವೃತ್ತಿಯನ್ನು ಕುರಿತು ಮಾಡಿದ ಉಪನ್ಯಾಸದಲ್ಲಿ, ರಾಜಕೀಯಕ್ಕೆ ಬರುವವರು ಯಾರೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಅವರ ಕಸುಬು ಅವರನ್ನು ಬಿಟ್ಟುಕೊಡುತ್ತದೆಯೇ ಎಂಬುದು ಎಂದ. ವಕೀಲನಿಗೆ ಬಿಡುವು ಮಾಡಿಕೊಳ್ಳುವುದು ಸುಲಭ, ವೈದ್ಯನಿಗೆ ಕಷ್ಟ, ದುಡಿದು ಉಣ್ಣುವವನಿಗೆ ಇನ್ನೂ ಕಷ್ಟ. ಇದು ನಮ್ಮ ಚಿಕ್ಕ ಊರುಗಳಿಗೂ ಹೊಂದುತ್ತದೆ. ಯಾರಿಗೂ ಹೊತ್ತಿನ ಮಾತು ಕೊಡದವರು ಮಾತ್ರ ಸಭೆಯಲ್ಲಿ ಕೂರುವುದಾದರೆ ಅಲ್ಲಿ ಕೂರುವವರು ಗುತ್ತಿಗೆದಾರರು, ನಿವೇಶನದ ವ್ಯಾಪಾರಿಗಳು, ಬಾಡಿಗೆಯ ವರಮಾನದವರು. ಅವರಲ್ಲಿ ಸಜ್ಜನರಿಲ್ಲವೆಂದಲ್ಲ. ಆದರೆ ಐದೂವರೆಗೆ ಎದ್ದು ಕೊಡ ಹಿಡಿಯುವ ಕೈ ಅವರ ಮನೆಯದಲ್ಲ. ಹೊತ್ತಿಲ್ಲದವರ ಕಷ್ಟ ಹೊತ್ತಿಲ್ಲದವರಿಗೇ ಗೊತ್ತು, ಅವರಿಗೋ ಸಭೆಗೆ ಬರಲು ಹೊತ್ತಿಲ್ಲ!

ದಾನದ ವಿಧಿಯನ್ನು ಬಿಡದೆ ಈ ಗಂಟನ್ನು ಬಿಡಿಸುವ ದಾರಿ ನನಗೆ ಕಂಡದ್ದು ಒಂದೇ: ಕೊಡುವ ವಸ್ತು ಯಾರದೋ ಅವರನ್ನು ಕೇಳುವುದು. ಕೇಳುವುದೆಂದರೆ ತಿಳಿಸುವುದಲ್ಲ. ಹರಿಶ್ಚಂದ್ರನ ಕಥೆಯನ್ನು ಮಕ್ಕಳಿಗೆ ಹೇಳುವಾಗಲೆಲ್ಲ ಇದು ನೆನಪಾಗುತ್ತದೆ. ಮಾರ್ಕಂಡೇಯ ಪುರಾಣದಲ್ಲಿ, ನನ್ನನ್ನು ಮಾರಿ ಋಣ ತೀರಿಸು ಎಂದು ಹೇಳುವವಳು ರಾಣಿಯೇ. ಅವಳ ಒಪ್ಪಿಗೆಯಿಂದ ರಾಜನ ಸತ್ಯ ಉಳಿಯಿತು. ಮಗುವನ್ನು ಯಾರೂ ಕೇಳಲಿಲ್ಲ. ತಾಯಿಯ ಸೆರಗು ಹಿಡಿದುಕೊಂಡಿತ್ತು, ಜೊತೆಯಲ್ಲಿ ಮಾರಾಟವಾಯಿತು.

ನಮ್ಮ ಮನೆಯಲ್ಲಿ ಅತ್ತೆ ಮೊದಲೇ ಒಪ್ಪಿದ್ದರು. ನಮ್ಮವರು ಸ್ವಲ್ಪ ತಡವಾಗಿ ಒಪ್ಪಿದರು. ಈಗ ಹುಳಿ ಮಾಡುತ್ತಾರೆ, ಉಪ್ಪು ಒಂದು ಕೈ ಮುಂದೆ. ಮತದಾರರು ಐದು ವರ್ಷಕ್ಕೊಮ್ಮೆ ಒಪ್ಪಿಗೆ ಕೊಟ್ಟರೆ ಸಾಕು. ಮನೆಯವರ ಒಪ್ಪಿಗೆ ಪ್ರತಿ ವಾರ ನವೀಕರಣವಾಗಬೇಕು, ಅದಕ್ಕೆ ಠೇವಣಿ ಜಪ್ತಿಯೂ ಉಂಟು. ಕಷ್ಟವಾದದ್ದು ಮಗಳ ವಿಷಯ. ಅವಳೂ ಈ ವರ್ಷ ಹತ್ತನೆಯ ತರಗತಿ. ಅವಳು ಒಪ್ಪಿದರೂ ಅದು ನಿಜವಾದ ಒಪ್ಪಿಗೆಯೋ, ಅಮ್ಮನಿಗೆ ಬೇಸರವಾದೀತೆಂಬ ದಾಕ್ಷಿಣ್ಯವೋ ತಿಳಿಯುವುದು ಹೇಗೆ? ಒಂದು ಸಂಜೆ ಕೇಳಿದೆ. “ಸಭೆಗೆ ಹೋಗಮ್ಮ” ಎಂದಳು, ಪುಸ್ತಕದಿಂದ ತಲೆಯೆತ್ತದೆ. “ಆದ್ರೆ ನಿಮ್ಮಂಥೋರಿಗೋಸ್ಕರಾನೇ ಇದೆಲ್ಲ ಮಾಡ್ತಿರೋದು ಅಂತ ಮಾತ್ರ ಹೇಳ್ಬೇಡ.” ಸನ್ಮಾನದ ಭಾಷಣಗಳನ್ನು ಅವಳೂ ಕೇಳಿಸಿಕೊಂಡಿದ್ದಳು ಎಂದಾಯಿತು.

ಮನೆ ಇಷ್ಟು ಹೊಂದಿಕೊಂಡ ಮೇಲೆ ಊರೂ ಕೊಂಚ ಹೊಂದಿಕೊಳ್ಳಬೇಡವೆ? ಇಂಗ್ಲೆಂಡಿನ ಅನೇಕ ಸ್ಥಳೀಯ ಸಂಸ್ಥೆಗಳ ಸಭೆ ಸೇರುವುದು ಸಂಜೆ, ಕೆಲಸದವರು ಕೆಲಸ ಮುಗಿಸಿದ ಮೇಲೆ. ಅಲ್ಲಿಯ 1996ರ ಉದ್ಯೋಗ ಹಕ್ಕುಗಳ ಕಾಯಿದೆಯ ಪ್ರಕಾರ ಸ್ಥಳೀಯ ಸಂಸ್ಥೆಯ ಸದಸ್ಯರಾದ ನೌಕರರಿಗೆ ಆ ಕೆಲಸಕ್ಕೆಂದು ಯುಕ್ತವಾದಷ್ಟು ಬಿಡುವನ್ನು ಮಾಲೀಕರು ಕೊಡಬೇಕು; ಸಂಬಳ ಕೊಡಲೇಬೇಕೆಂದಿಲ್ಲ. ನಾನು ಹಾಕುವುದು ಸಾಂದರ್ಭಿಕ ರಜೆ, ಅದು ಆಗಸ್ಟಿಗೇ ಮುಗಿದಿರುತ್ತದೆ. ನಮ್ಮ ಸಭೆಯನ್ನೂ ಸಂಜೆ ಐದರ ಮೇಲೆ ಇಡಬೇಕೆಂದು ನಾನು ಎರಡು ಸಲ ಕೇಳಿದ್ದೇನೆ. ಕಚೇರಿಯ ವೇಳೆ ಮೀರುತ್ತದೆಂದು ಅಧಿಕಾರಿಗಳು, ದೀಪ ಹಚ್ಚುವ ಹೊತ್ತೆಂದು ಒಬ್ಬ ಹಿರಿಯ ಸದಸ್ಯರು. ಅಂಗನವಾಡಿಯ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡೇ ಸಭೆಗೆ ಬರುವ ಇನ್ನೊಬ್ಬ ಸದಸ್ಯೆ ಮಾತ್ರ ಅನುಮೋದಿಸಿದರು. ಈ ಸಲ ವಿಷಯವನ್ನು ಲಿಖಿತವಾಗಿ ಕೊಟ್ಟಿದ್ದೇನೆ. ಬರುವ ಸಭೆಯ ಕಾರ್ಯಸೂಚಿಯಲ್ಲಿ ಅದು ಹನ್ನೊಂದನೆಯದು, ಸಂತೆ ಮಳಿಗೆಗಳ ಹರಾಜಿನ ನಂತರ. ಸಭೆ ಬುಧವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ.