ತೆಗೆದುದು ಯಾರದು?

ರಾಯಚೂರಿನಿಂದ ಗುಂತಕಲ್ಲಿಗೆ ಹೋಗುವ ರೈಲುದಾರಿಯಲ್ಲಿ ಮಟಮಾರಿ ಇದೆ. ಅಲ್ಲಿಯೂ, ಸುತ್ತಲಿನ ಊರುಗಳಲ್ಲಿಯೂ ಹೆಂಗಸರು ಒಂದು ಮಾತನ್ನು ಪಿಸುದನಿಯಲ್ಲಿಯೇ ಆಡುತ್ತಾರೆ: "ಗಡ್ಡಿ ಆಗ್ಯಾದಂತ, ಗರ್ಭಚೀಲ ತಗೀಬೇಕಂತ." ಅಲ್ಲಿಗೆ ಮಾತು ಮುಗಿಯಿತು. ತೆಗೆದುದು ಎಲ್ಲಿಗೆ ಹೋಗುತ್ತದೆಂದು ಯಾರೂ ಕೇಳುವುದಿಲ್ಲ. ಆ ಪ್ರಶ್ನೆಯನ್ನು ನಾನು ಕೇಳಬಯಸುತ್ತೇನೆ.

ಫೈಬ್ರಾಯ್ಡ್ ಎಂಬ ಈ ಗಡ್ಡೆ ಕ್ಯಾನ್ಸರ್ ಅಲ್ಲ. ಗರ್ಭಕೋಶದ ಸ್ನಾಯುವಿನ ಕಣಗಳು ಹೆಚ್ಚಿ, ನಾರಿನಂಥ ವಸ್ತು ಸುತ್ತಿಕೊಂಡು ಗಟ್ಟಿಯಾದುದು. ಹೆಣ್ಣಿನ ದೇಹದ ಹಾರ್ಮೋನುಗಳೇ ಅದಕ್ಕೆ ಆಹಾರ. ಇಂಥ ಗಡ್ಡೆಗಳಲ್ಲಿ ಬಹುಪಾಲಿನಲ್ಲಿ ಒಂದೇ ಜೀನಿನ ದೋಷವಿದೆಯೆಂದು 2011ರಲ್ಲಿ ತಿಳಿದುಬಂತು. ಆದರೆ ಗಾಜಿನ ತಟ್ಟೆಯ ಮೇಲೆ ಬೆಳೆಸಿದರೆ ಆ ದೋಷವುಳ್ಳ ಕಣಗಳೇ ಬೇಗ ಅಳಿದುಹೋಗುತ್ತವೆ. ಆದುದರಿಂದ ವಿಜ್ಞಾನಿಗಳು ಕಣಗಳನ್ನು ಕೊಲಾಜನ್ ಲೋಳೆಯಲ್ಲಿಯೋ, ಪುಟ್ಟ ಉಂಡೆಗಳಾಗಿಯೋ ಬೆಳೆಸಿ, ದೇಹದೊಳಗಿನ ಗಡ್ಡೆಯ ಪ್ರತಿರೂಪವನ್ನು ಕಟ್ಟಲು ಯತ್ನಿಸುತ್ತಾರೆ. ಗರ್ಭಕೋಶವನ್ನು ಉಳಿಸಿ ಗಡ್ಡೆಯನ್ನು ಕರಗಿಸುವ ಮದ್ದು ಸಿಕ್ಕೀತೆಂಬುದು ಆಶೆ. ಆಶೆ ದೊಡ್ಡದು, ಅದಕ್ಕೆ ಬೇಕಾದ ವಸ್ತು ಮಾತ್ರ ಒಬ್ಬ ಹೆಂಗಸಿನ ಒಡಲಿನದು.

"ಹೇಗೂ ಸುಡತಕ್ಕದ್ದು, ಅವಳಿಗೇನು ನಷ್ಟ?" ಎನ್ನಬಹುದು. ಕಸವಾದರೆ ಅದನ್ನು ಮಂಜಿನಲ್ಲಿಟ್ಟು ಜೋಪಾನ ಮಾಡುವುದೇಕೆ? ಪ್ರಯೋಗಶಾಲೆಯಲ್ಲಿ ಅಮೂಲ್ಯವಾದುದು ಹಾಸಿಗೆಯ ಪಕ್ಕದಲ್ಲಿ ಕಸವಾಗಲಾರದು. 1951ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಬಡ ಕರಿಯ ಹೆಂಗಸಿನ ಗರ್ಭಕಂಠದ ಗಡ್ಡೆಯಿಂದ ಕೇಳದೆ ತೆಗೆದ ಕಣಗಳು ಇಂದಿಗೂ ಬೆಳೆಯುತ್ತಿವೆ. ಜಗತ್ತಿಗೆ ಉಪಕಾರವಾಯಿತು, ನಿಜ. ಆದರೆ ಅವಳು ಕೊಟ್ಟಳೆಂದು ಹೇಳಲಾಗದು. ಕೊಡುವವನ ಅರಿವಿಲ್ಲದ ದಾನವನ್ನು ನಮ್ಮ ಹಿರಿಯರು ದಾನವೆನ್ನಲಿಲ್ಲ.

ನಮ್ಮ ಕಡೆ ಈ ಮಾತಿಗೆ ಇನ್ನೂ ಒಂದು ತೂಕವಿದೆ. ಕಲಬುರಗಿ ಜಿಲ್ಲೆಯ ತಾಂಡಾಗಳ ಹೆಂಗಸರ ಗರ್ಭಕೋಶಗಳನ್ನು ಅಗತ್ಯವಿಲ್ಲದೆ ತೆಗೆದರೆಂಬ ದೂರು 2015ರಲ್ಲಿ ಕೇಳಿಬಂದು ವಿಚಾರಣೆಯಾಯಿತು. ಅನವಶ್ಯಕ ಶಸ್ತ್ರಕ್ರಿಯೆಗಳನ್ನು ತಡೆಯಲು 2023ರಲ್ಲಿ ಸುಪ್ರೀಂ ಕೋರ್ಟು ರಾಜ್ಯಗಳಿಗೆ ಆದೇಶವಿತ್ತಿತು. ಏಕೆ ತೆಗೆಯುತ್ತಾರೆಂಬುದನ್ನೇ ತಿಳಿಸದ ಕಡೆ, ತೆಗೆದುದನ್ನು ಕೊಡುವೆಯಾ ಎಂದು ಕೇಳುವವರಾರು?

ಒಪ್ಪಿಗೆ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳುತ್ತದೆ. ಆದರೆ ಹೆಬ್ಬೆಟ್ಟಿನ ಗುರುತು ಕಾಗದಕ್ಕೆ ಸಾಕು, ಧರ್ಮಕ್ಕೆ ಸಾಲದು. ಮನೆಗೆ ಬಂದ ಮೇಲೆ ಆಕೆ ನೆರೆಯವಳಿಗೆ, "ನನ್ನ ಗಡ್ಡಿ ನೋಡಿ ಔಷಧ ಹುಡುಕ್ತಾರಂತ, ನಾನೇ ಕೊಟ್ಟು ಬಂದೀನಿ" ಎಂದು ತನ್ನ ಮಾತಿನಲ್ಲಿ ಹೇಳಬಲ್ಲಳಾದರೆ ಅದು ಒಪ್ಪಿಗೆ. ಅಷ್ಟು ತಿಳಿಸಿ ಹೇಳುವುದಕ್ಕೆ ಹಿಡಿಯುವುದು ಕಾಲು ಗಂಟೆ. ವರುಷಗಟ್ಟಲೆ ನಡೆಯುವ ಸಂಶೋಧನೆಗೆ ಅದು ಹೊರೆಯೆನ್ನಲಾಗದು.