ಏಕಾಂತವೂ ಏಕಾಂತ ಸೆರೆಯೂ

ಏಕಾಂತವೆಂಬುದು ಸಾಧಕನಿಗೆ ಅಮೃತ. ಕಾರಾಗೃಹದ ಬಂದಿಗೆ ಅದೇ ವಿಷ. ಪದವೊಂದೇ ಆಗಿರಲು ಫಲವು ಇಂತು ವಿಪರೀತವಾಗುವುದೇಕೆ? ಸಾಧಕನು ತಾನಾಗಿ ಬಾಗಿಲು ಮುಚ್ಚಿಕೊಳ್ಳುವನು. ಬೇಕೆಂದಾಗ ತೆರೆದು ಸತ್ಸಂಗವನ್ನು ಸೇರುವನು. ಬಂದಿಯ ಬಾಗಿಲಿಗಾದರೋ ಅಗುಳಿಯು ಹೊರಗಿದೆ. ಮನುಷ್ಯರ ಮುಖ ಕಾಣದೆ, ಮಾತು ಕೇಳದೆ ದಿನಗಳುರುಳಿದರೆ ನಿದ್ರೆ ಕೆಡುವುದು, ಬುದ್ಧಿ ಭ್ರಮಿಸುವುದು; ಕೆಲವರು ಪ್ರಾಣವನ್ನೇ ಕಳೆದುಕೊಳ್ಳಲು ಎಳಸುವರು.

ಅಪರಾಧಿಗೆ ಶಿಕ್ಷೆಯೇ ಬೇಡವೆಂದು ನಮ್ಮ ಅಭಿಪ್ರಾಯವಲ್ಲ. ಆದರೆ ದಂಡಕ್ಕೆ ಮಿತಿಯುಂಟು. ದಂಡಿಸುವ ಅಧಿಕಾರಕ್ಕೂ ಮಿತಿಯುಂಟು. ನ್ಯಾಯಾಲಯವು ವಿಧಿಸುವ ಏಕಾಂತ ಸೆರೆಯು ಒಟ್ಟು 3 ತಿಂಗಳನ್ನೂ, ಒಂದು ಸಲಕ್ಕೆ 14 ದಿನಗಳನ್ನೂ ಮೀರಕೂಡದೆಂದು 1860ರ ದಂಡಸಂಹಿತೆಯೇ ಕಟ್ಟುಮಾಡಿತ್ತು. 2024ರಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಈ ಮಿತಿಯನ್ನು ಉಳಿಸಿಕೊಂಡಿದೆ.

ದೆಹಲಿಯ ತಿಹಾರ ಕಾರಾಗೃಹದಲ್ಲಿ ಮರಣದಂಡನೆಗೆ ಗುರಿಯಾದ ಸುನಿಲ್ ಬಾತ್ರಾ ಎಂಬವನನ್ನು, 1894ರ ಕಾರಾಗೃಹ ಶಾಸನವನ್ನು ಮುಂದೊಡ್ಡಿ, ಅಧಿಕಾರಿಗಳು ಒಂಟಿಯಾಗಿರಿಸಿದ್ದರು. 1978ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ವಿಧಿಯನ್ನು ರದ್ದುಗೊಳಿಸದಿದ್ದರೂ ಅದರ ಅರ್ಥವನ್ನು ಸಂಕೋಚಗೊಳಿಸಿತು. ಏಕಾಂತ ಸೆರೆಯು ತಾನೇ ಒಂದು ಪ್ರತ್ಯೇಕ ಶಿಕ್ಷೆ. ಅದನ್ನು ವಿಧಿಸುವ ಅಧಿಕಾರ ನ್ಯಾಯಾಲಯದ್ದೇ ಹೊರತು ಸೆರೆಮನೆಯ ಅಧಿಕಾರಿಯದಲ್ಲ. ಮೇಲ್ಮನವಿ, ಕ್ಷಮಾಯಾಚನೆಗಳ ದಾರಿ ಮುಗಿಯುವ ತನಕ ಬಂದಿಗೆ ಆ ವಿಧಿಯು ಅನ್ವಯಿಸದು ಎಂದು ತೀರ್ಪಿತ್ತಿತು. ಜೀವಿಸುವ ಹಕ್ಕನ್ನು ಕಾಪಾಡುವ ಸಂವಿಧಾನದ 21ನೆಯ ಅನುಚ್ಛೇದವು ಸೆರೆಮನೆಯ ಹೊಸ್ತಿಲಲ್ಲಿ ನಿಂತುಬಿಡುವುದಿಲ್ಲ.

ಆದರೂ ನಮ್ಮ ಬೆಳಗಾವಿಯ ಕಾರಾಗೃಹದಲ್ಲಿಯೇ ಮರಣದಂಡನೆಯ ಬಂದಿಯೊಬ್ಬನು 2006ರಿಂದ ಸುಮಾರು ಹತ್ತು ವರುಷ ಒಂಟಿಯಾಗಿ ಕಳೆದನು. 2022ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಅನ್ಯಾಯವೆಂದೆಣಿಸಿ, ಅವನ ಮರಣದಂಡನೆಯನ್ನು ಕನಿಷ್ಠ 30 ವರುಷಗಳ ಜೀವಾವಧಿ ಸೆರೆಯಾಗಿ ಮಾರ್ಪಡಿಸಿತು.

“ಒಂದು ಹೆಣ್ಣುಜೀವವನ್ನು ಕೊಂದವನಿಗೆ ಕರುಣೆಯೇಕೆ?” ಎಂದು ಗೃಹಸ್ಥರು ಕೇಳಬಹುದು. ಆ ಕೋಪ ಸಹಜವಾದುದು. ಹತಳಾದವಳ ಮನೆಯವರ ಸಂಕಟವನ್ನು ಯಾರೂ ಕಿರಿದುಮಾಡಲಾಗದು. ಆದರೆ ದಯೆಯ ಪರೀಕ್ಷೆ ನಡೆಯುವುದು ಒಳ್ಳೆಯವರ ವಿಷಯದಲ್ಲಲ್ಲ. ಶಿಕ್ಷೆಯ ಉದ್ದೇಶ ಪಶ್ಚಾತ್ತಾಪವೆನ್ನುವುದಾದರೆ, “ತಪ್ಪಿದೆ” ಎಂದು ಹೇಳಿಕೊಳ್ಳಲು ಎದುರಿಗೆ ಕೇಳುವವನೊಬ್ಬನು ಬೇಡವೆ? ತಪ್ಪುಮಾಡಿದ ಮಗನೊಡನೆ ಎರಡು ದಿನ ಮಾತುಬಿಟ್ಟ ತಂದೆಯು, ಮೂರನೆಯ ದಿನ ಆ ಮಗುವಿನ ಮುಖವನ್ನು ನೋಡಿ ತಾನೇ ಕರಗುವನು. ಗೋಡೆಗೆ ಕರಗುವ ಗುಣವಿಲ್ಲ.

ಆ ಗೋಡೆಯು ನಿಂತಿರುವುದು ನಮ್ಮೆಲ್ಲರ ಹೆಸರಿನಲ್ಲಿ. ಆದುದರಿಂದ ದುಷ್ಟನಿಗೆ ದಂಡವಿರಲಿ. ಆ ದಂಡವು ಅವನೊಳಗಿನ ಮನುಷ್ಯನನ್ನು ಕೊಲ್ಲದಿರಲಿ.