ಅಪ್ಪ ಕೊಡಲಾಗದ ಧರ್ಮ

ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು. ಮನೆಯವರಿಗೆ ಶನಿವಾರ ಸಬ್ಬತ್, ಊರಿಗೆಲ್ಲ ಭಾನುವಾರ ರಜೆ. ಹೀಗೆ ಬೆಳೆದ ಮಗು ಹಿರಿಯರ ಧರ್ಮದಿಂದ ದೂರವಾದರೆ ತಪ್ಪು ಯಾರದು? ನೆಲೆ ಬದಲಿಸಿದ ಯಹೂದಿ ಕುಟುಂಬಗಳ ಬಗ್ಗೆ ಮಾತಾಡುವಾಗ ನಾವು ಸಾಮಾನ್ಯವಾಗಿ ಹೊಸ ಊರನ್ನೇ ದೂರುತ್ತೇವೆ: ಅಲ್ಲಿನ ಶಾಲೆ, ಭಾಷೆ, ಗೆಳೆತನ ಎಲ್ಲ ಸೇರಿ ಮಗುವನ್ನು ಸೆಳೆದುಕೊಂಡವು ಎನ್ನುತ್ತೇವೆ. ಈ ವಿವರಣೆ ನನಗೆ ಒಪ್ಪಿಗೆಯಿಲ್ಲ. ಹಿರಿಯರು ತಾವೇ ಮನಸ್ಸಿಟ್ಟು ಬದುಕದ ಧರ್ಮ ಮಕ್ಕಳ ಕೈ ಸೇರುವ ಮೊದಲೇ ಬರಿದಾಗಿರುತ್ತದೆ. ಹಾಗೆ ಬರಿದಾದ ಜಾಗಕ್ಕೆ ಹೊಸ ಊರು ಬರುತ್ತದೆ, ಅಷ್ಟೆ.

ಇದಕ್ಕೆ ಪ್ರಾಗ್‌ನ ಯಹೂದಿ ಲೇಖಕ ಕಾಫ್ಕಾನ ಸಾಕ್ಷ್ಯವಿದೆ. 1919ರಲ್ಲಿ ಅವನು ತಂದೆಗೆಂದು ಬರೆದ, ತಂದೆಯ ಕೈಗೆ ತಲುಪದೇ ಉಳಿದ ದೀರ್ಘ ಪತ್ರದಲ್ಲಿ ಧರ್ಮದ ಮಾತು ದೊಡ್ಡದಾಗಿಯೇ ಬರುತ್ತದೆ. ತಂದೆ ಹರ್ಮನ್ ಓಸೆಕ್ ಎಂಬ ಬೊಹೀಮಿಯದ ಹಳ್ಳಿಯಿಂದ ಪ್ರಾಗ್‌ಗೆ ಬಂದು ಅಂಗಡಿ ಕಟ್ಟಿ ನೆಲೆನಿಂತವನು. ವರ್ಷಕ್ಕೆ ನಾಲ್ಕು ದಿನ ಪ್ರಾರ್ಥನಾ ಮಂದಿರವಾದ ಸಿನಗಾಗ್‌ಗೆ ಹೋಗುವುದು, ಮನೆಯಲ್ಲಿ ಪಾಸೋವರ್ ಹಬ್ಬದ ಮೊದಲ ರಾತ್ರಿಯ ಸೇಡರ್ ಊಟ. ಆ ಊಟವೂ ವರ್ಷ ಕಳೆದಂತೆ ನಗೆಯಾಟವಾಯಿತು. ಹಳ್ಳಿಯಿಂದ ತಂದ ಅಲ್ಪಸ್ವಲ್ಪ ಶ್ರದ್ಧೆ ಬಾಲ್ಯದ ನೆನಪಿನ ಬಲದಿಂದ ತಂದೆಗೆ ಸಾಕಾಗುತ್ತಿತ್ತು, ಮಗನಿಗೆ ದಾಟಿಸುವಷ್ಟು ಇರಲಿಲ್ಲ ಎಂಬುದು ಕಾಫ್ಕಾನ ಅಳಲು. ಅವನು ಓದಿದ್ದು ಜರ್ಮನ್ ಶಾಲೆಯಲ್ಲಿ, ಬರೆದದ್ದೂ ಜರ್ಮನ್‌ನಲ್ಲಿ. ಆದರೂ ಪತ್ರ ಶಾಲೆಯನ್ನು ದೂರುವುದಿಲ್ಲ. 1911ರಲ್ಲಿ ಪೂರ್ವ ಯುರೋಪಿನ ಯಿಡ್ಡಿಷ್ ನಾಟಕದವರು ಪ್ರಾಗ್‌ಗೆ ಬಂದಾಗ ಅವರನ್ನು ಮತ್ತೆ ಮತ್ತೆ ನೋಡಲು ಹೋದವನು ಇದೇ ಮಗ. ಮುಂದೆ ಹೀಬ್ರೂ ಕಲಿತವನೂ ಅವನೇ. ಆ ನಟರಲ್ಲೊಬ್ಬನನ್ನು ಹುಳಕ್ಕೆ ಹೋಲಿಸಿ ಹೀಗಳೆದದ್ದು ತಂದೆ.

ಲೇಖಕ ಎಲಿಯಾಸ್ ಕನೆಟ್ಟಿಯ ಮನೆ ಇದಕ್ಕೆ ತದ್ವಿರುದ್ಧ. 1905ರಲ್ಲಿ ಬಲ್ಗೇರಿಯದ ರೂಸೆಯಲ್ಲಿ ಹುಟ್ಟಿದ ಅವನ ಮೊದಲ ಭಾಷೆ ಲಾಡಿನೊ, 1492ರಲ್ಲಿ ಸ್ಪೇನ್‌ನಿಂದ ಹೊರದೂಡಲ್ಪಟ್ಟವರು ಉಳಿಸಿಕೊಂಡು ಬಂದ ಭಾಷೆ. ಅಪ್ಪ ಅಮ್ಮ ತಮ್ಮೊಳಗೆ ಮಾತ್ರ ಜರ್ಮನ್ ಆಡುತ್ತಿದ್ದರು. 1911ರಲ್ಲಿ ಸಂಸಾರ ಮ್ಯಾಂಚೆಸ್ಟರ್‌ಗೆ ಹೊರಟಾಗ ಅಜ್ಜ ಸ್ವಂತ ಮಗನಿಗೇ ಶಾಪ ಹಾಕಿದ. ಮರುವರ್ಷ ಆ ಮಗ ಹಠಾತ್ತನೆ ತೀರಿಕೊಂಡ. ಆಮೇಲೆ ತಾಯಿ, ಪುಸ್ತಕವನ್ನು ಹುಡುಗನಿಗೆ ತೋರಿಸದೆ, ತಪ್ಪಿದಾಗೆಲ್ಲ ಮೂದಲಿಸುತ್ತ, ಜರ್ಮನ್ ಕಲಿಸಿದಳು. ವಿಚಿತ್ರ ಮನೆ, ಕೆಲವೊಮ್ಮೆ ಕ್ರೂರವೂ ಹೌದು. ಆದರೆ ಅಲ್ಲಿ ಯಾವುದೂ ಕಾಟಾಚಾರಕ್ಕೆ ನಡೆಯಲಿಲ್ಲ. ಹಾಗಾಗಿ ಎರಡು ಲೋಕಗಳೂ ಅವನಲ್ಲಿ ಉಳಿದವು. ನಾಜಿಗಳಿಂದ ತಪ್ಪಿಸಿಕೊಂಡು ಲಂಡನ್ ಸೇರಿದ ಮೇಲೂ, 1944ರಲ್ಲಿ, ತನ್ನ ಮನಸ್ಸಿನ ಭಾಷೆ ಜರ್ಮನ್ ಆಗಿಯೇ ಇರುತ್ತದೆ, ಏಕೆಂದರೆ ತಾನು ಯಹೂದಿ ಎಂದು ಬರೆದುಕೊಂಡ. ಆ ‘ಏಕೆಂದರೆ’ಯಲ್ಲಿ ಒಂದು ಲೋಕ ಇನ್ನೊಂದಕ್ಕೆ ಎದುರು ನಿಂತಿಲ್ಲ.

ಕನೆಟ್ಟಿ ಆಚರಣೆಯ ಮನುಷ್ಯನಲ್ಲ, ಅವನಿಗೆ ದಕ್ಕಿದ್ದು ಧರ್ಮವೇ ಅಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಸಬ್ಬತ್, ಧರ್ಮನಿಯಮದ ಕೋಶರ್ ಅಡುಗೆ, ಪ್ರಾರ್ಥನೆ ಇಲ್ಲದೆ ಈ ಸಮುದಾಯ ಇಷ್ಟು ಶತಮಾನ ಬಾಳುತ್ತಿತ್ತೇ? ಈ ಮಾತಿನ ತೂಕವನ್ನು ಒಪ್ಪುತ್ತೇನೆ; ಆಚರಣೆಯಿಲ್ಲದ ಶ್ರದ್ಧೆಗೆ ನಿಲ್ಲಲು ನೆಲವಿಲ್ಲ. ಆದರೆ ಆಚರಣೆಯೇ ಏನು ಹೇಳುತ್ತದೆ ನೋಡಿ. ಸೇಡರ್ ರಾತ್ರಿಯ ಕಥನ ಶುರುವಾಗುವುದು ಕಿರಿಯ ಮಗುವಿನ ಪ್ರಶ್ನೆಗಳಿಂದ. ಮಗುವಿಗೆ ಕೇಳಲು ತಿಳಿಯದಿದ್ದರೆ ಹೆಂಡತಿ ಕೇಳಬೇಕು. ಇಬ್ಬರು ಪಂಡಿತರೇ ಇದ್ದರೂ ಪರಸ್ಪರ ಕೇಳಬೇಕು. ಒಬ್ಬನೇ ಕುಳಿತವನು ತನ್ನನ್ನೇ ಕೇಳಿಕೊಳ್ಳಬೇಕು ಎನ್ನುತ್ತದೆ ಯಹೂದಿ ಧರ್ಮಶಾಸ್ತ್ರ ಗ್ರಂಥ ತಾಲ್ಮುಡ್. ಆ ರಾತ್ರಿ ಓದುವ ಹಗ್ಗಾದಾದಲ್ಲಿ ಬರುವ ನಾಲ್ವರು ಮಕ್ಕಳಲ್ಲಿ ‘ನಿಮಗೆ ಇದೆಲ್ಲ ಏಕೆ’ ಎಂದು ಹೊರಗೆ ನಿಂತು ಕೇಳುವವನೂ ಇದ್ದಾನೆ. ಅವನಿಗೆ ಸಿಗುವುದು ಕಟುವಾದ ಉತ್ತರ, ಆದರೂ ಉತ್ತರ ಸಿಗುತ್ತದೆ. ಹರ್ಮನ್‌ನ ಮನೆಯಲ್ಲಿ ಇಲ್ಲವಾದದ್ದು ಇದೇ.

ಇವರೆಲ್ಲ ಅಪೂರ್ವ ಪ್ರತಿಭೆಗಳು, ಸಾಮಾನ್ಯರ ಪಾಡೇನು ಎಂಬುದು ಇನ್ನೊಂದು ಆಕ್ಷೇಪ. ಅದಕ್ಕೆ ಫ್ರಾಂಕ್‌ಫರ್ಟ್‌ನ ಉದಾಹರಣೆ ಸಾಕು. ಕ್ರೈಸ್ತನಾಗಲು ಹೊರಟು ಮನಸ್ಸು ಬದಲಿಸಿದ ತತ್ವಜ್ಞಾನಿ ಫ್ರಾಂಜ್ ರೋಸೆನ್‌ಸ್ವೈಗ್ 1920ರಲ್ಲಿ ಅಲ್ಲಿ ವಯಸ್ಕರಿಗಾಗಿ ಒಂದು ಮುಕ್ತ ಯಹೂದಿ ಕಲಿಕೆಯ ಮನೆ ತೆರೆದ. ಯಹೂದಿ ಧರ್ಮಗ್ರಂಥವಾದ ತೋರಾದಿಂದ ಬದುಕಿನ ಕಡೆಗೆ ಹೋಗುವ ಹಳೆಯ ದಾರಿ ಮುಚ್ಚಿದವರಿಗೆ, ಬದುಕಿನಿಂದ ತೋರಾದ ಕಡೆಗೆ ಬರುವ ದಾರಿ ಬೇಕೆಂಬುದು ಅವನ ವಾದ. ಮನೆಯಲ್ಲಿ ಏನೂ ಸಿಗದ, ಜರ್ಮನ್ ಓದಿನಲ್ಲೇ ಬೆಳೆದ ನೂರಾರು ಸಾಮಾನ್ಯ ಜನ ಅಲ್ಲಿ ಕಲಿತರು. 1933ರಲ್ಲಿ ನಾಜಿ ಆಡಳಿತ ಯಹೂದಿಗಳನ್ನು ಜರ್ಮನ್ ಸಂಸ್ಥೆಗಳಿಂದ ಹೊರಹಾಕತೊಡಗಿದಾಗ, ನಿಂತುಹೋಗಿದ್ದ ಆ ಮನೆಯನ್ನು ತತ್ವಜ್ಞಾನಿ ಮಾರ್ಟಿನ್ ಬ್ಯೂಬರ್ ಮತ್ತೆ ತೆರೆದ.